ಓದುತ್ತಾ ನಿಂತುಬಿಡುವ ಮಕ್ಕಳು

ನಾನು ನಿವೃತ್ತಳಾದ ಮೇಲೆ ಶಾಲೆಯಲ್ಲಿ ನನ್ನ ಜಾಗಕ್ಕೆ ಹೊಸದಾಗಿ ಬಂದಿರುವ ಪವಿತ್ರಾ ಎಂಬ ಹುಡುಗಿ ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ಲಿಫ್ಟ್ ಕೆಟ್ಟಿದ್ದರಿಂದ ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದವಳು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದಳು.

"ಮಿಸ್, ಮಕ್ಕಳು ಓದ್ತಾರೆ. ಸಕ್ಕತ್ತಾಗೇ ಓದ್ತಾರೆ. ಆದ್ರೆ ಏನ್ ಓದಿದ್ರಿ ಅಂತ ಕೇಳಿದ್ರೆ ನನ್ ಮುಖ ನೋಡ್ತಾರೆ. ನೀವೇನ್ ಮಾಡ್ತಿದ್ರಿ?"

ಕಾಫಿ ಕೊಟ್ಟೆ. ಮಧ್ಯಾಹ್ನದವರೆಗೂ ಮಾತಾಡಿದೆ. ಅವಳು ಖುಷಿಯಾಗಿ ಹೊರಟುಹೋದ ಮೇಲೆ ನನಗೆ ಕಸಿವಿಸಿಯಾಯಿತು. ಗೆದ್ದ ಕಥೆಗಳನ್ನಷ್ಟೇ ಹೇಳಿ ಕಳಿಸಿದ್ದೆ. ಎಡವಿದ್ದನ್ನು ಹೇಳಿರಲಿಲ್ಲ. ಎಡವದಿದ್ದರೆ ಗೆಲ್ಲುತ್ತಲೂ ಇರಲಿಲ್ಲ ಎಂಬುದನ್ನಂತೂ ಹೇಳಿರಲೇ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ರಾಣೇಬೆನ್ನೂರಿನ ಕಡೆಯವಳು. ಊರಲ್ಲಿ ಗೌರಮ್ಮ, ಬೆಂಗಳೂರಿಗೆ ಬಂದ ಮೇಲೆ ಗೌರಿ ಮಿಸ್. ರಾಜಗೋಪಾಲನಗರದ ಹಿಂಭಾಗದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನನ್ನ ನೌಕರಿಯ ಬಹುಪಾಲು ಕಳೆಯಿತು. ಬಡ್ತಿಯ ವಿಷಯ ಬಿಡಿ, ಬಂತು, ಬೇಡವೆಂದೆ, ಅಷ್ಟೆ. ಶಾಲೆಗೆ ನಾಲ್ಕು ಕೋಣೆ. ನಾನು ಪಾಠ ಮಾಡುತ್ತಿದ್ದ ಮೂರನೇ ತರಗತಿಯ ಗೋಡೆಯ ಆಚೆಗೇ ಒಂದು ಲೇತ್ ಶೆಡ್ಡು. ಅದು ಕಬ್ಬಿಣ ಕೊರೆಯಲು ಶುರುಮಾಡಿದರೆ ನಾವು ದನಿ ಏರಿಸಬೇಕು, ಅದು ನಿಲ್ಲಿಸಿದಾಗ ನಾವಿನ್ನೂ ಕಿರುಚುತ್ತಿರುತ್ತಿದ್ದೆವು. ಮಕ್ಕಳಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಯಿಂದ ಪೀಣ್ಯದ ಶೆಡ್ಡುಗಳಿಗೂ ಕಟ್ಟಡದ ಕೆಲಸಕ್ಕೂ ಬಂದು, ಸಾಲುಮನೆಗಳ ಒಂದೊಂದು ಕೋಣೆಯಲ್ಲಿ ಬಾಡಿಗೆಗಿದ್ದವರ ಮಕ್ಕಳು. ಜೊತೆಗೆ ತಮಿಳು, ತೆಲುಗು, ಉರ್ದು ಮನೆಮಾತಿನವರೂ ಇದ್ದರು.

ಆ ಗದ್ದಲದಲ್ಲೂ ನನ್ನ ಮಕ್ಕಳು ಗಂಟೆ ಹೊಡೆದಂತೆ ಓದುತ್ತಿದ್ದರು. ನಾನೊಂದು ಸಾಲು, ಅವರೊಂದು ಸಾಲು. ಅಲ್ಪಪ್ರಾಣ ಮಹಾಪ್ರಾಣ ಒಂದೂ ತಪ್ಪುತ್ತಿರಲಿಲ್ಲ. ಮುಖ್ಯೋಪಾಧ್ಯಾಯರಾದ ರಂಗಸ್ವಾಮಿ ಸಾರ್ ಯಾರೇ ಬಂದರೂ ಮೊದಲು ನನ್ನ ಕೋಣೆಗೆ ಕರೆತರುತ್ತಿದ್ದರು. "ಕೇಳಿ ಸಾರ್, ನಮ್ಮ ಗೌರಿ ಮೇಡಂ ಕ್ಲಾಸು," ಎನ್ನುವಾಗ ಅವರ ಮುಖ ನೋಡಬೇಕಿತ್ತು. ನನ್ನ ಮುಖವೂ ಹಾಗೇ ಇದ್ದಿರಬೇಕು.

ಆ ಹೆಮ್ಮೆ ಒಂದೇ ಬೆಳಿಗ್ಗೆ ಇಳಿದುಹೋಯಿತು.

ಅಂದು ಹೊಸ ಪಾಠ. ಪುಟ್ಟಿ ಎಂಬ ಹುಡುಗಿಯ ಕರು ಕೆರೆಯಂಚಿನ ಕೆಸರಿನಲ್ಲಿ ಸಿಕ್ಕಿಕೊಳ್ಳುವ ಕಥೆ. ಓದಲು ರೇಣುಕಾಳನ್ನು ಎಬ್ಬಿಸಿದೆ. ಯಾದಗಿರಿಯ ಕಡೆಯಿಂದ ಬಂದವಳು, ಸಣ್ಣಗೆ, ಎರಡು ಬಿಗಿಯಾದ ಜಡೆ, ತರಗತಿಯಲ್ಲೇ ಚೆನ್ನಾಗಿ ಓದುವವಳು. ಉಳಿದವರು ಪುಸ್ತಕದ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಿದ್ದರು. ನಾನೂ ಬೆರಳಿಟ್ಟಿದ್ದೆ.

"ಕರು ಕಾಲು ಎಳೆದಷ್ಟೂ ಒಳಗೆ ಇಳಿಯತೊಡಗಿತು. ಅಂಬಾ ಎಂದು ಕೂಗಿತು. ಆಗ ಪುಟ್ಟಿಯು ಓಡಿಬಂದು," ಎಂದು ಓದಿದ ರೇಣುಕಾ ಪುಟ ತಿರುಗಿಸಿ, ಅದೇ ರಾಗದಲ್ಲಿ, "ಅಂಚೆಚೀಟಿಯನ್ನು ಅಂಟಿಸಿ ಪೆಟ್ಟಿಗೆಗೆ ಹಾಕಬೇಕು. ವಿಳಾಸವನ್ನು ಸ್ಪಷ್ಟವಾಗಿ ಬರೆಯಬೇಕು," ಎಂದು ಮುಂದುವರಿಸಿದಳು. ಪಾಠ ಮುಗಿಯುವವರೆಗೂ ಓದಿದಳು. ಒಂದು ಅಕ್ಷರವೂ ತಪ್ಪಲಿಲ್ಲ. "ಭೇಷ್, ಕೂತ್ಕೊ," ಎಂದೆ.

ಜಗುಲಿಯ ಮೇಲೆ ಬಿಸಿಯೂಟದ ಅಡುಗೆಯ ಹನುಮಕ್ಕ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮಾಗಡಿ ಕಡೆಯ ಹಳ್ಳಿಯ ಹೆಂಗಸು, ಓದುಬರಹ ಬಾರದವಳು. ಅವಳು ಮೊರ ಕೆಳಗಿಟ್ಟು ಬಾಗಿಲಲ್ಲಿ ತಲೆ ಹಾಕಿದಳು.

"ಅಲ್ಲಾ ಮಿಸ್ಸೇ, ಆ ಕರ ಕೆಸರಾಗೆ ಸಿಕ್ಕಾಕ್ಕೊಂಡಿತ್ತಲ್ಲ, ಅದ್ನ ಅಲ್ಲೇ ಬುಟ್ಬುಟ್ಟು ಟಪಾಲು ಆಕಕ್ಕೆ ವೋದ್ಲಾ ಆ ಮಗಾ?"

ಮಕ್ಕಳು ಗೊಳ್ಳೆಂದು ನಕ್ಕರು. ನಾನು ಪುಸ್ತಕ ನೋಡಿದೆ. ಪುಟದ ಸಂಖ್ಯೆ ಹಾರಿತ್ತು. ಹೊಲಿಗೆ ಹಾಕುವಾಗ ನಡುವಿನ ಒಂದು ಹಾಳೆಯೇ ಬಿಟ್ಟುಹೋಗಿತ್ತು, ನಮಗೆ ಬಂದ ಕಟ್ಟಿನ ಎಲ್ಲ ಪುಸ್ತಕಗಳಲ್ಲೂ. ಕರುವಿನ ಪಾಠದ ತಲೆಗೆ ಟಪಾಲಿನ ಪಾಠದ ಬಾಲ ಅಂಟಿಕೊಂಡಿತ್ತು. ಮೂವತ್ತು ಮಕ್ಕಳು, ಮೂವತ್ತು ಬೆರಳು, ಒಬ್ಬರಿಗೂ ಅನುಮಾನ ಬರಲಿಲ್ಲ. ಅವರನ್ನು ಬಿಡಿ, ನನಗೇ ಬರಲಿಲ್ಲ. ಕರುವಿನ ಗತಿ ಏನಾಯಿತೆಂದು ಕೇಳಿದವಳು ಅಕ್ಷರ ಬಾರದ ಹನುಮಕ್ಕ ಒಬ್ಬಳೇ. ಆ ಕೋಣೆಯಲ್ಲಿ ಅಂದು ಕಥೆ ಓದಿದ್ದು ಅವಳು ಮಾತ್ರ ಅಂತ ನನಗೆ ಹೊಳೆಯಿತು.

ಮರುದಿನ ಹನುಮಕ್ಕನನ್ನು ಕೇಳಿಕೊಂಡೆ. ಊಟ ಮುಗಿದು ಪಾತ್ರೆ ತೊಳೆದ ಮೇಲೆ ಹತ್ತು ನಿಮಿಷ ಬಂದು ಕೂತುಕೋ, ಮಕ್ಕಳು ನಿನಗೆ ಓದಿ ಹೇಳುತ್ತಾರೆ, ತಿಳಿಯದ್ದನ್ನು ಕೇಳು ಎಂದೆ. "ನಂಗೇನೂ ತಿಳಿಯಾಕಿಲ್ವಲ್ಲ ಮಿಸ್ಸೇ," ಎಂದಳು. ಅದಕ್ಕೇ ಬಾ ಎಂದೆ.

ಮೂರನೇ ದಿನಕ್ಕೆ ರಂಗಸ್ವಾಮಿ ಸಾರ್ ಕರೆಸಿದರು. ಕೆಟ್ಟವರಲ್ಲ, ಆದರೆ ಯಾರು ಏನಂದಾರು ಎಂಬ ಭಯ ಅವರನ್ನು ಬೆಳಿಗ್ಗೆಯಿಂದ ಸಂಜೆವರೆಗೂ ಬಿಡುತ್ತಿರಲಿಲ್ಲ.

"ಏನ್ ಮೇಡಂ ಇದು, ಅಡುಗೆಯವರನ್ನ ಕ್ಲಾಸಲ್ಲಿ ಕೂರಿಸ್ಕೊಂಡಿದೀರಾ? ಮೇಲಿನವರು ಯಾರಾದ್ರೂ ಬಂದ್ಬಿಟ್ರೆ ನಾನೇನ್ ಹೇಳ್ಲಿ?"

"ಮಕ್ಕಳು ಓದೋದನ್ನ ಕೇಳೋಕೆ ಒಬ್ಬರು ಬೇಕು ಸಾರ್."

"ನೀವಿದೀರಲ್ಲ?"

"ನಾನು ಕೇಳಲ್ಲ ಸಾರ್. ತಪ್ಪು ಹಿಡೀತೀನಿ."

ಅವರು ರಿಜಿಸ್ಟರಿನತ್ತ ತಿರುಗಿ, "ಬಾಗಿಲು ಹಾಕ್ಕೊಳಿ," ಎಂದರು. ಅದೇ ಅಪ್ಪಣೆ ಎಂದುಕೊಂಡೆ.

ಹನುಮಕ್ಕನ ಪ್ರಶ್ನೆಗಳು ಪುಸ್ತಕದ ಅಭ್ಯಾಸದಲ್ಲಿ ಇರುವಂಥವಲ್ಲ. ರಾಜ ಮೂವರು ಮಕ್ಕಳನ್ನು ಪರೀಕ್ಷೆ ಮಾಡಿದ ಎಂದು ಓದಿದರೆ, "ಅವ್ರವ್ವ ಯಾಕೆ ಬಾಯಿ ಬುಡಲಿಲ್ಲ?" ಎಂದು ಕೇಳುವಳು. ಮೊಲ ಸಿಂಹವನ್ನು ಮೋಸ ಮಾಡಿದರೆ, "ಸುಳ್ಳಾಡಿದ್ದು ತಪ್ಪಲ್ವಾ, ಇಲ್ಲಾ ಜೀವ ಉಳಿಸ್ಕಳಕ್ಕೆ ಆಡಬೋದಾ?" ಮೊದಲ ವಾರ ಮಕ್ಕಳು ಪುಸ್ತಕದ ಸಾಲನ್ನೇ ತಿರುಗಿ ಒಪ್ಪಿಸಿದರು. ಹನುಮಕ್ಕ ತಲೆ ಆಡಿಸುತ್ತಾ, "ಅದ್ನ ಆಗ್ಲೇ ಓದ್ದಲ್ಲ ಮಗಾ, ನಾ ಕೇಳಿದ್ದು ಬ್ಯಾರೆ," ಎನ್ನುವಳು. ಎರಡನೇ ವಾರ ಇಬ್ಬರು ಹುಡುಗರು ಆ ಮೊಲದ ವಿಷಯಕ್ಕೆ ಜಗಳಾಡಿಕೊಂಡರು. ನನಗೆ ಅಷ್ಟು ಸಂತೋಷ ಯಾವ ಶಾಭಾಷ್‌ಗಿರಿಯಿಂದಲೂ ಆಗಿರಲಿಲ್ಲ.

ಆ ಸಂತೋಷದಲ್ಲೇ ಎಡವಿದೆ. ಇಷ್ಟು ಒಳ್ಳೆಯ ಪ್ರಶ್ನೆಗಳು ವ್ಯರ್ಥವಾಗಬಾರದೆಂದು ಅವನ್ನು ಕಪ್ಪುಹಲಗೆಯ ಮೇಲೆ ಬರೆದು, ಕೆಳಗೆ ಉತ್ತರ ಬರೆಸತೊಡಗಿದೆ. ನಾಲ್ಕು ದಿನದಲ್ಲಿ ಕೋಣೆ ಮೊದಲಿನಂತೆ ತಣ್ಣಗಾಯಿತು. ಐದನೇ ದಿನ ಹನುಮಕ್ಕ ಸೆರಗು ಕೊಡವಿಕೊಂಡು ಎದ್ದಳು. "ಜವಾಬು ನೀನೇ ಯೋಳ್ಬುಟ್ರೆ ಅವ್ಕೇನ್ ಕ್ಯಾಮೆ, ನಂಗೇನ್ ಕ್ಯಾಮೆ ಮಿಸ್ಸೇ?" ಹಲಗೆ ಒರೆಸಿದೆ. ಅಂದಿನಿಂದ ಆ ಹತ್ತು ನಿಮಿಷ ಕೈಗೆ ಸೀಮೆಸುಣ್ಣ ಮುಟ್ಟಿಸಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪನ್ನು ರೇಣುಕಾಳ ವಿಷಯದಲ್ಲಿ ಮಾಡಿದೆ. ಕರುವಿನ ಕಥೆಯ ಕಳೆದುಹೋದ ಹಾಳೆಯನ್ನು ಬೇರೆ ಶಾಲೆಯಿಂದ ತಂದು ಓದಿಸಿದ ದಿನ, ಇಡೀ ಕಥೆಯನ್ನು ಸ್ವಂತ ಮಾತಲ್ಲಿ ಹೇಳಲು ಅವಳನ್ನು ಕರೆದೆ. ಅವಳು ಮುಂದೆ ಬಂದು ಕೈ ಬೀಸಿ ಶುರು ಮಾಡಿದಳು. "ಒಂದ್ ಕರಾ ಇತ್ರೀ. ಅದು ಕೆರಿ ದಂಡ್ಯಾಗ ರಾಡ್ಯಾಗ ಸಿಕ್ಕಿತ್ರೀ."

"ರಾಡಿ ಅಲ್ಲ, ಕೆಸರು," ಎಂದೆ. "ಕರಾ ಅಲ್ಲ, ಕರು."

ಕೆಲವರು ನಕ್ಕರು. ಅವಳು ಮತ್ತೆ ಶುರು ಮಾಡಿ, ಒಂದು ಸಾಲು ಹೇಳಿ, "ಬರಂಗಿಲ್ರೀ," ಎಂದು ಕೂತಳು.

ಆಮೇಲೆ ಅವಳು ಓದೆಂದರೆ ಓದುತ್ತಿದ್ದಳು. ಮಾತು ಮಾತ್ರ ನಿಲ್ಲಿಸಿದ್ದಳು. ಹನುಮಕ್ಕ ಕೇಳಿದರೂ ಉತ್ತರವಿಲ್ಲ. ನಾಚಿಕೆಯ ಹುಡುಗಿ ಎಂದುಕೊಂಡು ವಾರಗಟ್ಟಲೆ ಸುಮ್ಮನಿದ್ದೆ. ಒಂದು ದಿನ ಅವಳ ತಾಯಿ ಕಟ್ಟಡದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಶಾಲೆಗೆ ಬಂದಳು. "ಮನ್ಯಾಗ ನಿಮ್ಮ ಸಾಲಿ ಕಥಿ ಎಲ್ಲಾ ಹೇಳ್ತಾಳ್ರೀ. ಸಾಲ್ಮನಿ ಮಂದಿ ಎಲ್ಲಾ ಕುಂತು ಕೇಳ್ತಾರ. ಇಲ್ಲಿ ಬಾಯಿ ಬಿಡಂಗಿಲ್ಲಂತಲ್ರೀ, ಯಾಕ್ರೀ?"

ಯಾಕೆಂದು ನನಗೆ ಆಗ ಗೊತ್ತಾಯಿತು. ರಾಣೇಬೆನ್ನೂರಿನಲ್ಲಿ ನನ್ನ ತಾಯಿಯೂ ಕೆಸರಿಗೆ ರಾಡಿ ಎಂದೇ ಅನ್ನುತ್ತಿದ್ದಳು. ನಾನು ಹೊಸದಾಗಿ ಬೆಂಗಳೂರಿಗೆ ಬಂದಾಗ ಸ್ಟಾಫ್ ರೂಮಿನಲ್ಲಿ "ಬರ್ರಿ, ಕೂಡ್ರಿ" ಅಂದಿದ್ದಕ್ಕೆ ಇಬ್ಬರು ಸಹೋದ್ಯೋಗಿಗಳು ಅಣಕಿಸಿದ್ದರು. ಆ ಸಂಜೆಯೇ ನನ್ನ ಮಾತನ್ನು ಮಡಚಿಟ್ಟು ಇಲ್ಲಿಯ ಮಾತು ತೊಟ್ಟುಕೊಂಡಿದ್ದೆ. ಆವತ್ತು ನನಗೆ ಆದದ್ದನ್ನೇ ಎಂಟು ವರ್ಷದ ಹುಡುಗಿಗೆ ಮಾಡಿದ್ದೆ.

ಮರುದಿನ ಪುಸ್ತಕ ಮುಚ್ಚಿ, ನನ್ನ ತಾಯಿ ಹೇಳುತ್ತಿದ್ದ ಎಮ್ಮೆಯ ಕಥೆಯನ್ನು ತಾಯಿಯ ಮಾತಲ್ಲೇ ಹೇಳಿದೆ. "ಒಂದ್ ಊರಾಗ ಒಂದ್ ಎಮ್ಮಿ ಇತ್ತು. ಅದಕ್ಕ ರಾಡಿ ಅಂದ್ರ ಭಾಳ ಪ್ರೀತಿ." ಮಕ್ಕಳು ನನಗೇನೋ ಆಗಿದೆ ಎಂಬಂತೆ ನೋಡಿದರು. ರೇಣುಕಾ ತಲೆ ಎತ್ತಿದಳು.

"ಮಿಸ್, ನಿಮಗ ರಾಡಿ ಅನ್ನಾಕ ಬರ್ತದೇನ್ರೀ?"

"ಬರ್ತದವಾ. ಮರ್ತಿದ್ದೆ."

ಅವಳು ನಕ್ಕಳು. ಮೇಲಿನ ಎರಡು ಹಲ್ಲು ಬಿದ್ದಿರುವುದು ಅಂದೇ ನನ್ನ ಕಣ್ಣಿಗೆ ಬಿದ್ದದ್ದು. ಆ ಮಧ್ಯಾಹ್ನ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಪುಸ್ತಕದ ಮಾತು ಒಂದು ಕಡೆ, ಮನೆಯ ಮಾತು ಇನ್ನೊಂದು ಕಡೆ ಬರೆಯಲು ಶುರುಮಾಡಿದೆವು. ಕೆಸರಿನ ಎದುರಿಗೆ ರಾಡಿ ಬಂತು. ತಮಿಳಿನವನು ಸೇರು ಎಂದ, ತೆಲುಗಿನವಳು ಬುರದ ಎಂದಳು, ಉರ್ದು ಮನೆಯ ಹುಡುಗಿ ಕೀಚಡ್ ಎಂದು ಬರೆಸಿದಳು. ಪುಸ್ತಕದ ಮಾತನ್ನೂ ಕಲಿಸಿದೆ, ಬಿಡಲಿಲ್ಲ. ಆದರೆ ಮನೆಯ ಮಾತನ್ನು ಹೊಸ್ತಿಲಾಚೆ ಬಿಟ್ಟು ಬಾ ಎಂದು ಮತ್ತೆ ಯಾವ ಮಗುವಿಗೂ ಹೇಳಲಿಲ್ಲ.

ಓದುವ ರುಚಿ ಹತ್ತಿದ ಮೇಲೆ ಪಠ್ಯಪುಸ್ತಕ ಎಷ್ಟು ದಿನಕ್ಕೆ ಸಾಕಾಗುತ್ತದೆ? ಕಥೆಪುಸ್ತಕಗಳು ಆಫೀಸಿನ ಬೀರುವಿನಲ್ಲಿದ್ದವು. ಬೀಗದ ಕೈ ರಂಗಸ್ವಾಮಿ ಸಾರ್ ಜೇಬಿನಲ್ಲಿ. ಒಂದು ಪುಸ್ತಕ ಕಳೆದರೂ ಅವರೇ ಉತ್ತರ ಕೊಡಬೇಕಲ್ಲ.

"ಮಕ್ಕಳು ಹರಿದಾಕ್ಬಿಡ್ತಾರೆ ಮೇಡಂ."

"ಬೀರುನಲ್ಲಿ ಗೆದ್ದಲು ಹಿಡಿದ್ರೂ ಹರಿಯುತ್ತೆ ಸಾರ್."

ಗೊಣಗಿಕೊಂಡು ಕೊಟ್ಟರು. ರೇಣುಕಾ ಒಯ್ದ ಮೊದಲ ಪುಸ್ತಕ ಅರಿಸಿನದ ಕಲೆಯೊಂದಿಗೂ, ಅವಳ ಪುಟ್ಟ ತಮ್ಮ ಕಚ್ಚಿದ ಮೂಲೆಯೊಂದಿಗೂ ವಾಪಸ್ ಬಂತು. ಸಾರ್ ರಿಜಿಸ್ಟರಿನಲ್ಲಿ "ಹಾನಿಯಾಗಿದೆ" ಎಂದು ಕೆಂಪು ಶಾಯಿಯಲ್ಲಿ ಬರೆದರು. ಆದರೆ ಮಾರ್ಚ್ ಹೊತ್ತಿಗೆ ಅದೇ ಮನುಷ್ಯ ಮನೆಯಿಂದ ಮೈದಾ ಅಂಟು ಕುದಿಸಿಕೊಂಡು ಬಂದು, ಶನಿವಾರ ಮಕ್ಕಳ ನಡುವೆ ಕೂತು ಬೆನ್ನು ಕಿತ್ತ ಪುಸ್ತಕಗಳಿಗೆ ಪಟ್ಟಿ ಅಂಟಿಸುತ್ತಿದ್ದರು. "ಇದನ್ನ ಯಾರೋ ಚೆನ್ನಾಗಿ ಓದಿದಾರೆ," ಎಂದು ಹರಿದದ್ದನ್ನು ಎತ್ತಿ ತೋರಿಸುತ್ತಿದ್ದರು.

ಆಮೇಲೆ ಟ್ಯಾಬ್‌ಗಳು ಬಂದವು. ಚಿತ್ರ ಮುಟ್ಟಿದರೆ ಕಥೆಯನ್ನು ಅದೇ ಓದಿ ಹೇಳುವುದು. ಮಕ್ಕಳು ಒಂದು ವಾರ ಮುಗಿಬಿದ್ದರು, ಆಮೇಲೆ ಚಿತ್ರ ಮಾತ್ರ ಮುಟ್ಟುತ್ತಾ ಕೂತರು. ಆ ಯಂತ್ರವನ್ನು ಬೈಯಲಾರೆ. ತಮ್ಮ ಓದಿನ ದನಿಯನ್ನು ಅದರಲ್ಲಿ ಹಿಡಿದಿಟ್ಟು ತಾವೇ ಕೇಳುವುದನ್ನು ಹುಡುಗರು ಕಂಡುಕೊಂಡರು. "ಮಿಸ್, ನಾನು ಉಸಿರೇ ತಗೊಂಡಿಲ್ಲ ನೋಡಿ," ಎಂದು ಒಬ್ಬ ತನ್ನನ್ನೇ ಹಿಡಿದುಕೊಟ್ಟ. ಹೊಸದೇನು ಬಂದರೂ ಮಕ್ಕಳ ಕೈಗೆ ಮೊದಲು ಕೊಟ್ಟು ನೋಡಬೇಕು, ಅದು ಯಾತಕ್ಕೆ ಉಪಯೋಗ ಎಂದು ಅವರೇ ತೋರಿಸುತ್ತಾರೆ.

ರೇಣುಕಾ ನಾಲ್ಕನೇ ತರಗತಿಗೆ ಬಂದ ವರ್ಷ, ಆ ಮಕ್ಕಳ ಜೊತೆ ನಾನೂ ಮೇಲಿನ ತರಗತಿಗೆ ಬಂದಿದ್ದೆ, ಓದಿನ ವೇಗ ಅಳೆಯುವ ಪರೀಕ್ಷೆ ಬಂತು. ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಓದುತ್ತಾರೆಂದು ಎಣಿಸಿ, ಫಾರಂ ತುಂಬಿ ಕಳಿಸಬೇಕು. ನಮ್ಮ ಶಾಲೆಗೆ ಬಂದ ಅಧಿಕಾರಿ ನಡುವಯಸ್ಸಿನ ಸಭ್ಯ ಮನುಷ್ಯ. ಮೊಬೈಲಿನಲ್ಲಿ ಸಮಯ ಹಾಕಿಕೊಂಡು ರೇಣುಕಾಳ ಕೈಗೆ ಒಂದು ಹಾಳೆ ಕೊಟ್ಟರು.

"ತಾಯಿಯು ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ನೀರು ತರಲು ಹೊಳೆಗೆ ಹೋದಳು. ಹೊಳೆಯು ಬಹಳ ದೂರವಿತ್ತು." ಅಷ್ಟು ಓದಿ ಅವಳು ನಿಂತುಬಿಟ್ಟಳು.

"ಓದಮ್ಮ, ಟೈಮ್ ಹೋಗ್ತಿದೆ."

"ಕೂಸಿನ್ನ ಯಾರ ಹಂತ್ಯಾಕ ಬಿಟ್ಟಾಳ್ರೀ?"

ಅವರು ನನ್ನ ಕಡೆ ತಿರುಗಿದರು. "ಏನಂದ್ಲು?"

"ಮಗೂನ ಯಾರ ಹತ್ರ ಬಿಟ್ಟು ಹೋದಳು ಅಂತ ಸಾರ್."

"ಅದು ಇದರಲ್ಲಿ ಕೊಟ್ಟಿಲ್ಲಮ್ಮ."

"ಅದಕ್ಕ ಕೇಳಿದ್ನಿರೀ."

ತಾಯಿ ಕೆಲಸದಿಂದ ಬರುವವರೆಗೂ ಸಂಜೆ ತಮ್ಮನನ್ನು ನೋಡಿಕೊಳ್ಳುತ್ತಿದ್ದವಳು ರೇಣುಕಾಳೇ. ತೊಟ್ಟಿಲಲ್ಲಿ ಒಂಟಿಯಾದ ಮಗುವನ್ನು ದಾಟಿ ಮುಂದಿನ ಸಾಲಿಗೆ ಹೋಗಲು ಅವಳಿಗೆ ಆಗಲಿಲ್ಲ. ನಿಮಿಷ ಮುಗಿಯಿತು. ಅವಳ ಹಿಂದೆ ಬಂದವರೂ ಅಲ್ಲಲ್ಲಿ ನಿಂತರು. ಒಬ್ಬ, ಹೊಳೆಯಲ್ಲಿ ಮೊಸಳೆ ಇದೆಯಾ ಎಂದು ಕೇಳಿದ. ಹೊರಡುವಾಗ ಅಧಿಕಾರಿ, "ಮಕ್ಕಳು ಚುರುಕಿದಾರೆ ಮೇಡಂ. ಆದ್ರೆ ಈ ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ. ನಾನೇನ್ ಮಾಡ್ಲಿ ಹೇಳಿ?" ಎಂದರು. ಎರಡು ವಾರದಲ್ಲಿ ನೋಟಿಸು ಬಂತು. ತರಗತಿಯ ಓದು ನಿಗದಿತ ಮಟ್ಟಕ್ಕಿಂತ ಕೆಳಗಿದೆ, ಕಾರಣ ತಿಳಿಸಿ ಎಂದಿತ್ತು.

ಅಷ್ಟು ವರ್ಷದ ನೌಕರಿಯಲ್ಲಿ ಅದು ನನಗೆ ಬಂದ ಮೊದಲ ನೋಟಿಸು. ಅಕ್ಕಿ ಮೂಟೆ ಇಡುವ ಕೋಣೆಗೆ ಹೋಗಿ ಅತ್ತೆ. ರಂಗಸ್ವಾಮಿ ಸಾರ್ ಬಾಗಿಲಾಚೆ ನಿಂತು ಹೇಳಿದರು. "ತಪ್ಪಾಯ್ತು ಅಂತ ಒಂದು ಲೆಟರ್ ಕೊಟ್ಬಿಡಿ ಮೇಡಂ, ಮುಗಿದೋಗುತ್ತೆ. ಮುಂದಿನ ಸಲಕ್ಕೆ ಸ್ವಲ್ಪ ಸ್ಪೀಡ್ ಮಾಡಿಸಿ."

ಮಾಡಿಸಿದೆ. ಇದನ್ನು ಪವಿತ್ರಾಳಿಗೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಒಂದು ವಾರ ನಾನೂ ಮೊಬೈಲು ಹಿಡಿದು ನಿಂತೆ. "ನಿಲ್ಲಿಸ್ಬೇಡ, ಮುಂದೆ, ಮುಂದೆ," ಎಂದು ಓಡಿಸಿದೆ. ಹನುಮಕ್ಕನಿಗೆ ಈ ವಾರ ಬರಬೇಡ ಎಂದೆ. ಮಕ್ಕಳು ಕಲಿತೇಬಿಟ್ಟರು. ರೇಣುಕಾ ಎಲ್ಲರಿಗಿಂತ ಮೊದಲು ಕಲಿತಳು. ಶನಿವಾರ ಇಡೀ ಪುಟವನ್ನು ಒಂದೇ ಉಸಿರಿಗೆ ಓದಿ ನನ್ನ ಮುಖ ನೋಡಿದಳು. "ಭೇಷ್," ಎಂದೆ.

ಸೋಮವಾರ ಪ್ರಾರ್ಥನೆಗೆ ಮೊದಲೇ ಅವಳ ತಂದೆ ದೇವಪ್ಪ ಬಂದು ಗೇಟಿನ ಬಳಿ ನಿಂತಿದ್ದ. ಬಲಗೈಗೆ ಮುಂಗೈವರೆಗೂ ಬ್ಯಾಂಡೇಜು. ಎಡ ಹೆಬ್ಬೆರಳಿನಲ್ಲಿ ನೀಲಿ ಶಾಯಿ. ಪಕ್ಕದಲ್ಲಿ ರೇಣುಕಾ, ಕೈಯಲ್ಲಿ ಮಡಚಿದ ಒಂದು ಕಾಗದ. ಅವನು ಕೆಲಸ ಮಾಡುತ್ತಿದ್ದ ಶೆಡ್ಡಿನ ಪ್ರೆಸ್ ಮಷಿನ್ನಿಗೆ ಮೂರು ದಿನದ ಕೆಳಗೆ ಕೈ ಸಿಕ್ಕಿತ್ತು.

"ನಿನ್ನೆ ಮುಂಜಾನೆ ಸೂಪರ್‌ವೈಜರ್ ಮನಿಗೆ ಬಂದಿದ್ರೀ ಮೇಡಂ," ಎಂದ ದೇವಪ್ಪ. "ಇದಕ್ಕ ಹೆಬ್ಬೆಟ್ಟು ಒತ್ತಪಾ, ದವಾಖಾನಿಗೆ ಬೇಕು ಅಂದ್ರು. ನನಗ ಓದಾಕ ಬರಂಗಿಲ್ಲ. ಮಗಳಿಗೆ ಜಲ್ದಿ ಓದು ಅಂದ್ನಿ. ಪಟಪಟ ಓದಿದ್ಳು. ಎಲ್ಲಾ ಛಲೋ ಐತಿ ಅಂತ ನಾ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಸ್ಕೊಂಡ್ನಿ."

ಅವನು ಮಗಳ ಕಡೆ ನೋಡಿದ. ಅವಳು ನನ್ನ ಕಡೆ ನೋಡಿದಳು.

"ಜಲ್ದಿ ಓದಿದಾಗ ಏನೂ ತಿಳಿಲಿಲ್ರೀ ಮಿಸ್," ಎಂದಳು. "ಅಪ್ಪಾ ತಡಿ ಅಂದು, ಹನುಮಕ್ಕಗ ಓದ್ತೀವಲ್ರೀ, ಹಂಗ ಇನ್ನೊಮ್ಮಿ ಓದಿದ್ನಿ. ಇಲ್ಲಿ ನಿಂತ್ನಿ."

ಕಾಗದ ಬಿಚ್ಚಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ನಾನು ನನ್ನ ಮನೆಯಲ್ಲಿ ಕಾಲು ಜಾರಿ ಬಿದ್ದು ಕೈಗೆ ಗಾಯ ಮಾಡಿಕೊಂಡಿರುತ್ತೇನೆ."

"ಅಪ್ಪಾ, ನೀ ಮನ್ಯಾಗ ಯಾವಾಗ ಬಿದ್ದಿ ಅಂತ ಕೇಳಿದ್ನಿರೀ."

ಸೂಪರ್‌ವೈಜರ್ ಅದಕ್ಕೆ ಸಿಟ್ಟಾಗಿ ಕೂಗಾಡಿದನಂತೆ. ಸಾಲುಮನೆಯ ಜನ ಹೊರಗೆ ಬಂದರಂತೆ. ಕಾಗದವನ್ನು ಇವಳು ಕೊಡಲೇ ಇಲ್ಲವಂತೆ. ಹೆಬ್ಬೆಟ್ಟು ಬಿದ್ದಿದ್ದರೆ ಆ ಗಾಯಕ್ಕೆ ಶೆಡ್ಡಿನವರು ಹೊಣೆಯೇ ಅಲ್ಲವೆಂದಾಗುತ್ತಿತ್ತು. ಇನ್ನೊಂದು ವಾರ ನಾನು ಮೊಬೈಲು ಹಿಡಿದು ನಿಂತಿದ್ದರೆ ಅವಳು ಎರಡನೇ ಸಲ ಓದುತ್ತಿದ್ದಳೋ ಇಲ್ಲವೋ.

ರಂಗಸ್ವಾಮಿ ಸಾರ್ ಆ ಕಾಗದ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು, ನಮಗ್ಯಾಕೆ ಮೇಡಂ ಎಂದು. ಅವರು ಅದನ್ನು ಹೇಳಲಿಲ್ಲ.

"ಪ್ರೇಯರ್ ನೀವು ಮಾಡ್ಸಿ ಮೇಡಂ. ನಾನು ಹೋಗ್ಬರ್ತೀನಿ," ಎಂದು ದೇವಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟರು.

ಶೆಡ್ಡಿನಲ್ಲಿ ನಡೆದದ್ದನ್ನು ಊಟದ ಹೊತ್ತಿಗೆ ವಾಪಸ್ ಬಂದು ಹೇಳಿದರು. ಸೂಪರ್‌ವೈಜರ್, "ಸಾರ್, ಇದು ಬರೀ ಫಾರ್ಮ್ಯಾಲಿಟಿ," ಎಂದನಂತೆ. ಇವರು, "ಹಂಗಾದ್ರೆ ಕೆಲಸದ ಜಾಗದಲ್ಲಿ ಅಂತ ಬರ್ಕೊಡಿ, ಅದೂ ಫಾರ್ಮ್ಯಾಲಿಟಿನೇ," ಎಂದು ಕುರ್ಚಿ ಎಳೆದುಕೊಂಡು ಕೂತರಂತೆ. ಮಷಿನ್ನಿನ ಪಕ್ಕದಲ್ಲಿದ್ದ ಇಬ್ಬರು ಕೆಲಸಗಾರರು ಕಂಡದ್ದನ್ನು ಹೇಳುತ್ತೇವೆ ಎಂದು ಮುಂದೆ ಬಂದರು. ಅಂದೇ ಆಗಲಿಲ್ಲ. ನಾಲ್ಕಾರು ಸಲ ಓಡಾಡಿದ ಮೇಲೆ ಸರಿಯಾದ ಕಾಗದ ಬಂತು, ಕಾರ್ಮಿಕರ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಕ್ಕಿತು. ಒಂದು ಬೆರಳು ಉಳಿಯಲಿಲ್ಲ. ಉಳಿದ ಕೈ ಉಳಿಯಿತು.

ಆ ವಾರವೇ ನೋಟಿಸಿಗೆ ಉತ್ತರ ಬರೆದೆ. ತಪ್ಪಾಯಿತು ಎಂದು ಬರೆಯಲಿಲ್ಲ. ನನ್ನ ತರಗತಿಯ ಮಕ್ಕಳು ಓದುತ್ತಾ ನಿಲ್ಲುವುದು ನಿಜ, ಎಲ್ಲೆಲ್ಲಿ ನಿಲ್ಲುತ್ತಾರೆ, ನಿಂತು ಏನು ಕೇಳುತ್ತಾರೆ ಎಂಬುದು ಕೆಳಗಿದೆ ಎಂದು ಅವರ ಪ್ರಶ್ನೆಗಳನ್ನು ಒಂದೊಂದಾಗಿ ಬರೆದೆ. ತೊಟ್ಟಿಲ ಮಗು, ಹೊಳೆಯ ಮೊಸಳೆ, ಸುಳ್ಳಾಡಿದ ಮೊಲ ಎಲ್ಲ. ಕೊನೆಗೆ ಹೆಸರು ಹೇಳದೆ ಆ ಕಾಗದದ ವಿಷಯ ಬರೆದೆ. ರಂಗಸ್ವಾಮಿ ಸಾರ್ ಓದಿ, ಕೆಳಗೆ ತಮ್ಮ ಕೈಯಲ್ಲೇ "ಮೇಲ್ಕಂಡದ್ದು ನಿಜ, ನಾನೇ ಸಾಕ್ಷಿ" ಎಂದು ಬರೆದು ಸಹಿ ಹಾಕಿದರು.

ಹತ್ತು ದಿನದ ಮೇಲೆ ಆ ಅಧಿಕಾರಿ ಫೋನ್ ಮಾಡಿದರು. "ನಿಮ್ಮ ಉತ್ತರ ಓದಿದೆ ಮೇಡಂ. 'ನನ್ನ ಮನೆಯಲ್ಲಿ' ಅನ್ನೋ ಕಡೆ ನಾನೂ ನಿಂತೆ. ಕಾಲಂ ಇನ್ನೂ ಇಲ್ಲ. ಆದ್ರೆ ನೋಟಿಸ್ ಮುಗಿಸಿದೀನಿ." ಮುಂದಿನ ವರ್ಷದಿಂದ ಅಕ್ಕಪಕ್ಕದ ಶಾಲೆಗಳ ಮೇಷ್ಟ್ರುಗಳನ್ನು ಇಬ್ಬಿಬ್ಬರಂತೆ ನನ್ನ ತರಗತಿಗೆ ಕಳಿಸತೊಡಗಿದರು. ಅವರು ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು, ಹನುಮಕ್ಕ ಮುಂದಿನ ಸಾಲಿನಲ್ಲಿ. ನನಗೆ ಹೆಮ್ಮೆಯಾಯಿತು ಎಂದು ಹೇಳಿಕೊಳ್ಳಲು ಈಗ ಸಂಕೋಚವಿಲ್ಲ. ಆ ಕೋಣೆಯಲ್ಲಿ ಕಳೆದ ಅಷ್ಟೂ ವರ್ಷದ ನೌಕರಿ ಸಾರ್ಥಕ ಎನಿಸಿತು.

ಪವಿತ್ರಾ, ನಿನಗೆ ಹನುಮಕ್ಕ ಸಿಗಲಿಕ್ಕಿಲ್ಲ. ಕೇಳುವವರು ಮಾತ್ರ ಸಿಕ್ಕೇ ಸಿಗುತ್ತಾರೆ. ಗೇಟಿನ ಬಳಿ ಕಾಯುವ ಅಜ್ಜಿ ಇರಬಹುದು, ಒಂದನೇ ತರಗತಿಯ ಮಗುವೇ ಇರಬಹುದು. ಓದುವ ಮಗುವಿಗೆ ಎದುರಿಗೊಬ್ಬರು ನಿಜವಾಗಿ ಕೇಳುತ್ತಾ ಕೂತಿರಬೇಕು, ಅಷ್ಟೆ. ಮಗು ನಿಂತಾಗ ನೀನು ಮುಂದಿನ ಪದ ಹೇಳಿಕೊಡಬೇಡ. ಯಾಕೆ ನಿಂತಿತು ಎಂದು ಕಾದು ನೋಡು. ಅಕ್ಷರ ತಿಳಿಯದೆ ನಿಂತಿದ್ದರೆ ಅದರ ಕಣ್ಣು ನಿನ್ನನ್ನು ಹುಡುಕುತ್ತದೆ. ಯೋಚಿಸುತ್ತಾ ನಿಂತಿದ್ದರೆ ನೀನಿರುವುದೇ ಅದಕ್ಕೆ ಮರೆತುಹೋಗಿರುತ್ತದೆ. ಈ ಎರಡನ್ನು ಬೇರೆಮಾಡಿ ನೋಡಲು ನನಗೆ ಬಹಳ ವರ್ಷ ಹಿಡಿಯಿತು.

ರೇಣುಕಾ ನಾಲ್ಕನೇ ತರಗತಿಯನ್ನು ನಮ್ಮಲ್ಲಿ ಮುಗಿಸಲಿಲ್ಲ. ದೇವಪ್ಪನಿಗೆ ಮಾದನಾಯಕನಹಳ್ಳಿಯ ಒಂದು ಗೋದಾಮಿನಲ್ಲಿ ಕಾವಲಿನ ಕೆಲಸ ಸಿಕ್ಕಿತು. ಅಲ್ಲೇ ಇರಲು ಕೋಣೆಯನ್ನೂ ಕೊಟ್ಟರು. ನಮ್ಮ ಶಾಲೆಗಳಲ್ಲಿ ಇದು ಮಾಮೂಲು, ಕೆಲಸ ಹೋದತ್ತ ಮಕ್ಕಳೂ ಹೋಗುತ್ತಾರೆ. ಮುಂದೆ ಏನಾದರು ಎಂದು ನಮಗೆ ತಿಳಿಯುವುದು ಅಪರೂಪ.

ವರ್ಗಾವಣೆ ಪತ್ರ ಒಯ್ಯಲು ಅಪ್ಪ ಮಗಳು ಆಫೀಸಿಗೆ ಬಂದರು. ರಂಗಸ್ವಾಮಿ ಸಾರ್ ಪತ್ರ ತುಂಬಿ, ಸೀಲು ಹಾಕಿ, ದೇವಪ್ಪನ ಕಡೆ ಚಾಚಿದರು. ಅವನು ಅದನ್ನು ಮಗಳ ಕೈಗೆ ಕೊಟ್ಟ. ಅವಳು ಅಲ್ಲೇ ನಿಂತು ಓದತೊಡಗಿದಳು. ಹೆಸರು, ತಂದೆಯ ಹೆಸರು, ಸೇರಿದ ದಿನ, ಎಲ್ಲವನ್ನೂ ಬೆರಳಿಟ್ಟು ನಿಧಾನವಾಗಿ. ಸಾರ್ ಕೈಯಲ್ಲಿ ಪೆನ್ನು ಹಿಡಿದೇ ಕಾದರು. ಕೊನೆಗೆ ಒಂದು ಸಾಲಿನ ಹತ್ತಿರ ಅವಳ ಬೆರಳು ನಿಂತಿತು.

"ಸರ್, ಇಲ್ಲಿ ನಡತೆ ತೃಪ್ತಿಕರ ಅಂತ ಐತ್ರೀ. ತೃಪ್ತಿ ಯಾರಿಗ್ರೀ?"

ಮೂವತ್ತು ವರ್ಷದಿಂದ ಆ ಪದವನ್ನು ಬರೆಯುತ್ತಾ ಬಂದ ಮನುಷ್ಯ ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು.

"ನನಗವಾ," ಎಂದೆ.